ಐದು ನಿಮಿಷವೋ, ನಲವತ್ತೈದೋ: ಸಾಫ್ಟ್‌ವೇರ್ ಸಮ್ಮೇಳನದ ವೇಳಾಪಟ್ಟಿ ಹೆಣೆಯುವ ಬಗೆ

ಕೆಲವು ವರ್ಷಗಳ ಹಿಂದೆ ದಕ್ಷಿಣ ಬೆಂಗಳೂರಿನ ಒಂದು ಸಭಾಂಗಣದಲ್ಲಿ ನಡೆದ ಮುಕ್ತ ತಂತ್ರಾಂಶ ಸಮ್ಮೇಳನದಲ್ಲಿ ಸಮಯ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಳಗಿನ ಮೊದಲ ಉಪನ್ಯಾಸ ಹನ್ನೆರಡು ನಿಮಿಷ ಮೀರಿತು, ಎರಡನೆಯದು ಎಂಟು ನಿಮಿಷ. ಊಟ ತಡವಾಯಿತು, ಊಟ ಮುಗಿಸಿ ಜನ ಒಳಗೆ ಬರುವುದು ಇನ್ನೂ ತಡವಾಯಿತು. ಸಂಜೆಯ ಕೊನೆಯ ಉಪನ್ಯಾಸ ಹಾಸನದಿಂದ ನಸುಕಿನ ಬಸ್ಸು ಹಿಡಿದು ಬಂದಿದ್ದ ಯುವತಿಯೊಬ್ಬರದು. ಮೂವತ್ತು ನಿಮಿಷವೆಂದು ಹೇಳಿ ಕರೆಸಿದ್ದೆವು, ಅವರಿಗೆ ಸಿಕ್ಕಿದ್ದು ಒಂಬತ್ತು. ವೇದಿಕೆಯ ಮೇಲೆ ನಿಂತು ಸ್ಲೈಡುಗಳನ್ನು ಒಂದಾದ ಮೇಲೊಂದು ಸರಿಸುತ್ತಾ ಹೋದರು. ನಡುವೆ ಒಂದು ಚಿತ್ರದ ಮುಂದೆ ಅವರ ಕೈ ನಿಂತಿತು. ಕಾಗದದ ಮೇಲೆ ನಾಲ್ಕು ಬಣ್ಣದ ಪೆನ್ನುಗಳಲ್ಲಿ ಬರೆದು ಫೋಟೊ ತೆಗೆದಿದ್ದ ನಕ್ಷೆ ಅದು. "ಇದನ್ನು ವಿವರಿಸಬೇಕಿತ್ತು" ಎಂದಷ್ಟೇ ಹೇಳಿ ಮುಂದಿನದಕ್ಕೆ ಹೋದರು. ಮೊದಲ ಸಾಲಿನಲ್ಲಿ ಕೂತು 'ಒಂದು ನಿಮಿಷ' ಎಂಬ ಚೀಟಿ ಎತ್ತಿ ಹಿಡಿದವನು ನಾನೇ.

ಆ ದಿನ ನಾವು ಎಲ್ಲರಿಗೂ ಒಂದೇ ಅವಧಿ ಕೊಟ್ಟಿದ್ದೆವು. ಹತ್ತು ನಿಮಿಷದ ಸರಕಿದ್ದವರು ಅದನ್ನು ಮೂವತ್ತಕ್ಕೆ ಎಳೆದರು. ಒಂದು ಗಂಟೆಯ ಸರಕಿದ್ದವರು ಮೂವತ್ತರಲ್ಲಿ ಹಿಡಿಸಲಾರದೆ ಮೀರಿದರು. ಎಳೆತ, ಮೀರುವಿಕೆ ಎರಡರ ಭಾರವೂ ಬಂದು ಬಿದ್ದದ್ದು ಸರದಿಯಲ್ಲಿ ಕೊನೆಗಿದ್ದವರ ಮೇಲೆ. ಅಂದಿನಿಂದ ವೇಳಾಪಟ್ಟಿಯ ಕೆಲಸವನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಈಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದು ದಿನದ, ಒಂದೇ ಸಭಾಂಗಣದ ಸಮ್ಮೇಳನವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಉಪನ್ಯಾಸಗಳ ಪ್ರಸ್ತಾವ ಕರೆಯುವ ಮೊದಲು ನಿಮಿಷ ಎಣಿಸಿ

ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ 480 ನಿಮಿಷ. ಸ್ವಾಗತಕ್ಕೆ 15, ಊಟಕ್ಕೆ 60, ಎರಡು ಕಾಫಿ ವಿರಾಮಕ್ಕೆ ತಲಾ 30, ಮುಕ್ತಾಯಕ್ಕೆ 15 ಕಳೆದರೆ ಉಳಿಯುವುದು 330. ಕಾಫಿ ವಿರಾಮವನ್ನು ಹದಿನೈದಕ್ಕೆ ಇಳಿಸಿ ಇನ್ನೊಂದು ಉಪನ್ಯಾಸ ಸೇರಿಸುವ ಆಸೆ ಪ್ರತಿ ಸಮಿತಿಯಲ್ಲೂ ಯಾರಿಗಾದರೂ ಬಂದೇ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಇನ್ನೂರು ಜನ ಸಾಲಿನಲ್ಲಿ ನಿಂತು ಲೋಟ ಕೈಗೆ ಬರುವುದಕ್ಕೇ ಹದಿನೈದು ನಿಮಿಷ ಹಿಡಿಯುತ್ತದೆ. ಉಪನ್ಯಾಸ ಕೇಳಿದವರು ಉಪನ್ಯಾಸಕರನ್ನು ಹಿಡಿದು ಮಾತನಾಡಿಸುವುದು ಆ ಲೋಟ ಕೈಗೆ ಬಂದ ಮೇಲೆ.

ಇನ್ನು ನಲವತ್ತೈದು ನಿಮಿಷದ ಉಪನ್ಯಾಸವೆಂದರೆ ಲೆಕ್ಕದಲ್ಲಿ ಅರವತ್ತು ನಿಮಿಷ. ಪ್ರಶ್ನೋತ್ತರಕ್ಕೆ ಹತ್ತು, ಒಬ್ಬರು ಇಳಿದು ಇನ್ನೊಬ್ಬರು ಹತ್ತಿ ಲ್ಯಾಪ್‌ಟಾಪ್ ಜೋಡಿಸಿ ಮೈಕ್ ಸಿಕ್ಕಿಸಿಕೊಳ್ಳುವುದಕ್ಕೆ ಐದು. ಇಪ್ಪತ್ತು ನಿಮಿಷದ ಉಪನ್ಯಾಸಕ್ಕೆ ಪ್ರಶ್ನೆಗೆ ಐದು, ಬದಲಾವಣೆಗೆ ಐದು, ಒಟ್ಟು ಮೂವತ್ತು. ಐದು ನಿಮಿಷದ ಮಾತಿಗೆ ಪ್ರಶ್ನೋತ್ತರ ಬೇಡ, ಬದಲಾವಣೆಗೆ ಒಂದು ನಿಮಿಷ ಸಾಕು. ಅಂಥವು ಐದು ಸೇರಿದರೆ ಮತ್ತೆ ಮೂವತ್ತು.

ಹೀಗೆ ಇಡೀ ದಿನ ಅರ್ಧ ಗಂಟೆಯ ಮನೆಗಳಾಗಿ ಒಡೆಯುತ್ತದೆ. 330 ನಿಮಿಷಕ್ಕೆ ಹನ್ನೊಂದು ಮನೆ. ಎಲ್ಲವನ್ನೂ ದೀರ್ಘ ಉಪನ್ಯಾಸಗಳಿಂದ ತುಂಬಿದರೆ ಐದು ಜನ ಮಾತನಾಡಬಹುದು, ಒಂದು ಮನೆ ಖಾಲಿ ಉಳಿಯುತ್ತದೆ. ಎರಡು ದೀರ್ಘ, ಐದು ಮಧ್ಯಮ, ಉಳಿದ ಎರಡು ಮನೆಗಳಲ್ಲಿ ಐದೈದು ಕಿರುಮಾತು ಇಟ್ಟರೆ ಹದಿನೇಳು ಜನ ವೇದಿಕೆ ಹತ್ತುತ್ತಾರೆ. ನನ್ನ ಅನುಭವದಲ್ಲಿ ಒಂದು ದಿನಕ್ಕೆ ಈ ಹಂಚಿಕೆ ಚೆನ್ನಾಗಿ ಹೊಂದುತ್ತದೆ. ಮೂರನೆಯ ದೀರ್ಘ ಉಪನ್ಯಾಸ ಸೇರಿದರೆ ಕೇಳುವವರ ತಲೆ ಸೋಲುತ್ತದೆ. ಒಂದೇ ಒಂದು ಇದ್ದರೆ ವಿಷಯದ ಆಳ ಬಯಸಿ ಬಂದವರಿಗೆ ದಿನವೆಲ್ಲ ತಿಂಡಿ ತಿಂದು ಊಟವನ್ನೇ ಮಾಡದ ಹಾಗಾಗುತ್ತದೆ.

ಮನೆಗಳ ಲೆಕ್ಕದಿಂದ ಇನ್ನೆರಡು ಅನುಕೂಲಗಳಿವೆ. ಎರಡು ಸಭಾಂಗಣಗಳಿದ್ದರೆ ಎರಡರಲ್ಲೂ ಉಪನ್ಯಾಸಗಳು ಒಂದೇ ಹೊತ್ತಿಗೆ ಶುರುವಾಗುತ್ತವೆ, ಆಚೆಯಿಂದ ಈಚೆಗೆ ಬರುವವರು ಅರ್ಧದಲ್ಲಿ ಬಾಗಿಲು ತೆರೆಯುವುದು ತಪ್ಪುತ್ತದೆ. ಹಿಂದಿನ ರಾತ್ರಿ ದೀರ್ಘ ಉಪನ್ಯಾಸದವರಲ್ಲಿ ಯಾರಿಗಾದರೂ ಜ್ವರ ಬಂದರೆ ಅವರ ಎರಡು ಮನೆಗಳನ್ನು ಇಬ್ಬರು ಮಧ್ಯಮದವರಿಗೆ ಕೊಡಬಹುದು. ಇಬ್ಬರನ್ನು ಮೊದಲೇ ಮೀಸಲಿಗೆ ಒಪ್ಪಿಸಿಕೊಂಡಿರಿ.

ಯಾವ ವಿಷಯಕ್ಕೆ ಎಷ್ಟು ಹೊತ್ತು

ವಿಷಯ ದೊಡ್ಡದಾದರೆ ದೀರ್ಘ, ಚಿಕ್ಕದಾದರೆ ಕಿರಿದು ಎಂದು ತೋರುತ್ತದೆ. ಆದರೆ ಒಂದೇ ವಿಷಯ ಮೂರು ಅಳತೆಯಲ್ಲೂ ಒಳ್ಳೆಯ ಮಾತಾಗಬಲ್ಲದು. ಕನ್ನಡ ಟೈಪಿಸುವ ಎಲ್ಲರಿಗೂ ಗೊತ್ತಿರುವ ಒಂದು ತೊಂದರೆಯನ್ನೇ ತೆಗೆದುಕೊಳ್ಳೋಣ. ಆಂಗ್ಲದಿಂದ ಬಂದ 'ರ‍್ಯಾಲಿ' ಎಂಬ ಪದವನ್ನು ಬರೆಯಲು ಹೋದರೆ ಎಷ್ಟೋ ಬಾರಿ 'ರ್ಯಾಲಿ' ಎಂದು ಮೂಡುತ್ತದೆ. ರ-ಕಾರ ಅರ್ಕಾವೊತ್ತಾಗಿ ಬಲಕ್ಕೆ ಜಿಗಿಯುತ್ತದೆ. ಸರಿಯಾಗಿ ಮೂಡಬೇಕಾದರೆ ರ-ಕಾರಕ್ಕೂ ಅದನ್ನು ಅರ್ಧಾಕ್ಷರವಾಗಿಸುವ ಗುರುತಿಗೂ (ಯೂನಿಕೋಡಿನಲ್ಲಿ ಅದರ ಹೆಸರು ವಿರಾಮ) ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್.

ಇದೇ ವಿಷಯ ಐದು ನಿಮಿಷದ ಮಾತಾದಾಗ ಪರದೆಯ ಮೇಲೆ ಎರಡು ಪದಗಳು ಅಕ್ಕಪಕ್ಕ ನಿಲ್ಲುತ್ತವೆ. ಯಾವುದು ತಪ್ಪು, ಯಾಕೆ, ನಿಮ್ಮ ಕೀಲಿಮಣೆಯಲ್ಲಿ ಏನು ಒತ್ತಬೇಕು ಎಂದು ತೋರಿಸಿದರೆ ಮುಗಿಯಿತು. ಕೇಳಿದವರು ಅಂದೇ ಸಂಜೆ ಸರಿಯಾಗಿ ಟೈಪಿಸುತ್ತಾರೆ.

ಇಪ್ಪತ್ತು ನಿಮಿಷವಿದ್ದರೆ ಕಾರಣ ಬಿಡಿಸಿ ಹೇಳಬಹುದು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆಯಾದ ಯೂನಿಕೋಡ್ ಅವನ್ನು ನಾವು ಉಚ್ಚರಿಸುವ ಕ್ರಮದಲ್ಲಿ ಜೋಡಿಸಿಡುತ್ತದೆ. ಅವಕ್ಕೆ ಪರದೆಯ ಮೇಲೆ ರೂಪ ಕೊಡುವ ಕೆಲಸ ಫಾಂಟಿನದು ಮತ್ತು ಹಾರ್ಫ್‌ಬಝ್‌ನಂಥ ತಂತ್ರಾಂಶದ್ದು. ಬರೆಯುವ ಕ್ರಮಕ್ಕೂ ಕಾಣುವ ಕ್ರಮಕ್ಕೂ ಇರುವ ಈ ಅಂತರವನ್ನು ಎರಡು ಉದಾಹರಣೆಗಳಲ್ಲಿ ತೋರಿಸಲು ಇಪ್ಪತ್ತು ನಿಮಿಷ ಹಿತವಾಗಿ ಸಾಲುತ್ತದೆ.

ನಲವತ್ತೈದು ನಿಮಿಷದಲ್ಲಿ ಒಂದು ಪದದ ಬೆನ್ನು ಹತ್ತಬಹುದು. ಕೀಲಿಮಣೆಯಿಂದ ಕಡತಕ್ಕೆ, ಕಡತದಿಂದ ಪರದೆಗೆ, ಪರದೆಯಿಂದ ಪಿಡಿಎಫ್‌ಗೆ, ಕೊನೆಗೆ ಹುಡುಕು ಪೆಟ್ಟಿಗೆಗೆ. ಕಾಣದ ಸಂಕೇತವಿರುವ ರೂಪ ಮತ್ತು ಇಲ್ಲದ ರೂಪ ಎರಡನ್ನೂ ಜನ ಬರೆದಿರುತ್ತಾರೆ, ಹಾಗಾಗಿ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಬೇರೆ ಬೇರೆ ಬಗೆಯಲ್ಲಿ ಬರೆದದ್ದನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್‌ನ ಸಾಮಾನ್ಯೀಕರಣ ಆ ಸಂಕೇತವನ್ನು ತೆಗೆದುಹಾಕುವುದಿಲ್ಲವಾದ್ದರಿಂದ ಹುಡುಕಾಟದ ತಂತ್ರಾಂಶ ಬರೆಯುವವರೇ ಅದಕ್ಕೆ ದಾರಿ ಮಾಡಬೇಕು. ಇಲ್ಲಿ ಒಂದೊಂದು ಹಂತವೂ ಹಿಂದಿನದರ ಹೆಗಲ ಮೇಲೆ ನಿಂತಿದೆ. ಒಂದನ್ನು ತೆಗೆದರೆ ಕೇಳುವವರು ಅಲ್ಲಿಯೇ ಎಡವುತ್ತಾರೆ.

ದೀರ್ಘ ಅವಧಿಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದೇ. ಹಂತಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ನಲವತ್ತೈದು ಕೊಡಿ. ಬಿಡಿ ಬಿಡಿ ಸಲಹೆಗಳ ಪಟ್ಟಿಯಾಗಿದ್ದರೆ, ಅದು ಎಷ್ಟೇ ಉದ್ದವಿರಲಿ, ಇಪ್ಪತ್ತು ಸಾಕು. ಅತ್ಯುತ್ತಮವಾದ ನಾಲ್ಕನ್ನು ಆರಿಸಿಕೊಳ್ಳಲಿ. ಒಂದು ಸಾಧನದ ಪರಿಚಯ, ಒಂದು ಕರೆ, ಒಂದು ಪ್ರಶ್ನೆ, 'ನಮ್ಮ ಯೋಜನೆಗೆ ಕೈಜೋಡಿಸಿ' ಎಂಬ ಆಹ್ವಾನ ಇವೆಲ್ಲ ಐದು ನಿಮಿಷದಲ್ಲಿ ಹೆಚ್ಚು ನಾಟುತ್ತವೆ. ಸರ್ವರ್ ಕುಸಿದು ಬಿದ್ದ ರಾತ್ರಿಯ ಕಥೆ ಹೇಳುವವರಿಗೆ ಮಾತ್ರ ಧಾರಾಳವಾಗಿ ಸಮಯ ಕೊಡಿ. ಸೋಲಿನ ಕಥೆಯಲ್ಲಿ ಪಾಠವೆಲ್ಲ ವಿವರದಲ್ಲಿದೆ, ವಿವರ ಕತ್ತರಿಸಿದರೆ ಬರೀ ನೀತಿವಾಕ್ಯ ಉಳಿಯುತ್ತದೆ.

ಅರ್ಜಿಯಲ್ಲಿ ಕೇಳಬೇಕಾದ ಪ್ರಶ್ನೆ

ಪ್ರಸ್ತಾವದ ಅರ್ಜಿಯಲ್ಲಿ ಮೂರು ಅವಧಿಗಳನ್ನೂ ನಮೂದಿಸಿ, ಮೊದಲ ಆಯ್ಕೆ ಮತ್ತು ಎರಡನೆಯ ಆಯ್ಕೆ ಕೇಳಿ. ಪ್ರೀಟಾಕ್ಸ್‌ನಂಥ ಮುಕ್ತ ತಂತ್ರಾಂಶದಲ್ಲಿ ಬಗೆಬಗೆಯ ಅವಧಿಗಳನ್ನು ಮೊದಲೇ ಹೊಂದಿಸಿಡಲು ಸಾಧ್ಯವಿದೆ, ಚಿಕ್ಕ ಸಮ್ಮೇಳನಕ್ಕೆ ಒಂದು ಸ್ಪ್ರೆಡ್‌ಶೀಟ್ ಕೂಡ ಸಾಕು. ಅದರ ಜೊತೆ ಈ ಒಂದು ಪ್ರಶ್ನೆಯನ್ನು ತಪ್ಪದೆ ಸೇರಿಸಿ: "ನಿಮಗೆ ಕೇಳಿದ್ದರ ಅರ್ಧ ಸಮಯ ಮಾತ್ರ ಸಿಕ್ಕರೆ ಏನನ್ನು ಬಿಡುತ್ತೀರಿ?"

ಈ ಉತ್ತರದಷ್ಟು ಬೆಳಕು ಚೆಲ್ಲುವುದು ಅರ್ಜಿಯಲ್ಲಿ ಬೇರೆ ಯಾವುದೂ ಇಲ್ಲ. "ನನ್ನ ಪರಿಚಯ, ಸಂಸ್ಥೆಯ ಪರಿಚಯ, ಈ ಕ್ಷೇತ್ರದ ಇತಿಹಾಸ ಬಿಡುತ್ತೇನೆ" ಎಂದು ಬರೆದವರಿಗೆ ನಿಶ್ಚಿಂತೆಯಿಂದ ಅರ್ಧವನ್ನೇ ಕೊಡಿ, ಮಾತು ಇನ್ನಷ್ಟು ಚುರುಕಾಗುತ್ತದೆ. "ಡೆಮೊ ಬಿಡಬೇಕಾಗುತ್ತದೆ, ಆಗ ಉಳಿದದ್ದಕ್ಕೆ ಅರ್ಥವಿರುವುದಿಲ್ಲ" ಎಂದವರಿಗೆ ಕೇಳಿದಷ್ಟೂ ಕೊಡಿ. "ಏನನ್ನೂ ಬಿಡಲಾರೆ, ಬೇಗ ಬೇಗ ಹೇಳುತ್ತೇನೆ" ಎಂದವರಿಗೆ ಮಾತ್ರ ಫೋನ್ ಮಾಡಿ. ಅವರು ವಿಷಯವನ್ನು ಪ್ರೀತಿಸುತ್ತಾರೆ, ಆದರೆ ಕೇಳುವವರನ್ನು ಇನ್ನೂ ಕಣ್ಣಮುಂದೆ ತಂದುಕೊಂಡಿಲ್ಲ. ಹತ್ತು ನಿಮಿಷದ ಮಾತುಕತೆಯಲ್ಲಿ ಅದು ಸರಿಹೋಗುತ್ತದೆ.

ಆಯ್ಕೆ ಸಮಿತಿಯಲ್ಲಿ

ಸಮಿತಿಗಳು ಅರಿವಿಲ್ಲದೆ ಮಾಡುವ ಅನ್ಯಾಯವೊಂದಿದೆ. ಹೆಸರು ಮಾಡಿದವರಿಗೆ ದೀರ್ಘ ಅವಧಿ, ಹೊಸಬರಿಗೆ ಐದು ನಿಮಿಷ. ಕಿರುಮಾತು ಸಮಾಧಾನ ಬಹುಮಾನವಾದ ಕೂಡಲೇ ಅದರ ಕಳೆ ಇಳಿಯುತ್ತದೆ. ಐದು ನಿಮಿಷದಲ್ಲಿ ಒಂದನ್ನು ನೆಟ್ಟಗೆ ಹೇಳುವುದು ನಲವತ್ತೈದರಲ್ಲಿ ಹೇಳುವುದಕ್ಕಿಂತ ಕಷ್ಟ. ಆದ್ದರಿಂದ ಅನುಭವಿಗಳಲ್ಲಿ ಒಬ್ಬಿಬ್ಬರನ್ನು ಕೇಳಿಕೊಂಡು ಐದು ನಿಮಿಷಕ್ಕೆ ಒಪ್ಪಿಸಿ, ಹೊಸಬರಲ್ಲಿ ಒಬ್ಬರಿಗಾದರೂ ದೀರ್ಘ ಅವಧಿ ಕೊಡಿ. ಹೆಸರು ಮುಚ್ಚಿಟ್ಟು ಮೊದಲ ಸುತ್ತಿನ ಓದು ಮಾಡಿದರೆ ಇದು ಸುಲಭವಾಗುತ್ತದೆ. ಮೊದಲ ಬಾರಿ ವೇದಿಕೆ ಹತ್ತುವವರಿಗೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಹಿತ. ಐದರಲ್ಲಿ ತಡವರಿಸಿದರೆ ಚೇತರಿಸಿಕೊಳ್ಳಲು ಸಮಯವಿಲ್ಲ, ನಲವತ್ತೈದು ಹೆದರಿಸುತ್ತದೆ.

ಪ್ರಾಯೋಜಕರ ಮಾತಿನ ಬಗ್ಗೆ ಮೊದಲೇ ನಿರ್ಧರಿಸಿ. ಹಣ ಕೊಟ್ಟವರ ಉಪನ್ಯಾಸವೂ ಸಮಿತಿಯ ಮುಂದೆ ಬರಬೇಕು, ಇಲ್ಲವೇ ಪ್ರಾಯೋಜಿತ ಎಂದು ವೇಳಾಪಟ್ಟಿಯಲ್ಲಿ ಅಚ್ಚಾಗಬೇಕು.

ಈಗ ಕನ್ನಡದ ಮಾತು. ಬೆಂಗಳೂರಿನ ಸಮ್ಮೇಳನಗಳಲ್ಲಿ ಕನ್ನಡದ ಉಪನ್ಯಾಸ ಇಡುವುದಾದರೆ ಅದನ್ನು ಐದು ನಿಮಿಷದ ಮೂಲೆಗೆ ತಳ್ಳುವುದೇ ಹೆಚ್ಚು. ನನಗೆ ಇದು ನೋವಿನ ಸಂಗತಿ. ಕಿರುಮಾತಿನಲ್ಲಿ ಕನ್ನಡ ಒಂದು ಅಲಂಕಾರವಾಗಿ ಬಂದು ಹೋಗುತ್ತದೆ. ನಲವತ್ತೈದು ನಿಮಿಷದಲ್ಲಿ ಅದು ಯೋಚಿಸುವ ಭಾಷೆಯಾಗಿ ನಿಲ್ಲುತ್ತದೆ. ಡೇಟಾಬೇಸ್, ಸರ್ವರ್, ಕೋಡ್ ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡು ಉಳಿದದ್ದನ್ನು ಕನ್ನಡದಲ್ಲಿ ಹೇಳಿದಾಗ, ತುಮಕೂರು, ಮಂಡ್ಯದ ಕಾಲೇಜುಗಳಿಂದ ಬಂದ ಹುಡುಗರು ಎದ್ದುನಿಂತು ಪ್ರಶ್ನೆ ಕೇಳುವುದನ್ನು ನೋಡಿದ್ದೇನೆ. ಐದು ಮಧ್ಯಮಗಳಲ್ಲಿ ಒಂದು, ಎರಡು ದೀರ್ಘಗಳಲ್ಲಿ ಒಂದು ಕನ್ನಡದಲ್ಲಿರಲಿ ಎಂದು ನಾನು ಹಟ ಹಿಡಿಯುತ್ತೇನೆ. ಸ್ಲೈಡುಗಳು ಇಂಗ್ಲಿಷಿನಲ್ಲಿದ್ದರೆ ಕನ್ನಡ ಬಾರದವರೂ ಜೊತೆಗೆ ಬರುತ್ತಾರೆ.

ಕಛೇರಿಯಿಂದ ಕಲಿತ ಕ್ರಮ

ದಿನವನ್ನು ಜೋಡಿಸುವಾಗ ನನಗೆ ದಾರಿ ತೋರಿಸಿದ್ದು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ರಾಮನವಮಿ ಸಂಗೀತ ಕಛೇರಿಗಳು. ಹಾಡುವವರು ಮೊದಲ ಹತ್ತು ನಿಮಿಷದಲ್ಲೇ ದೊಡ್ಡ ರಾಗವನ್ನು ಬಿಡಿಸುವುದಿಲ್ಲ. ವರ್ಣವೊಂದು, ಚಿಕ್ಕ ಕೃತಿ ಒಂದೆರಡು. ಅಷ್ಟರಲ್ಲಿ ಕಂಠ ಹದಕ್ಕೆ ಬರುತ್ತದೆ, ತಡವಾಗಿ ಬಂದವರು ಕುರ್ಚಿ ಹುಡುಕಿ ಕೂರುತ್ತಾರೆ. ಆಮೇಲೆ ಪ್ರಧಾನ ಕೃತಿ, ಆಲಾಪನೆ, ಸ್ವರ, ತನಿಯಾವರ್ತನದೊಂದಿಗೆ. ಅದರ ಭಾರ ಇಳಿಸಲು ಕೊನೆಯಲ್ಲಿ ದೇವರನಾಮ, ತಿಲ್ಲಾನ. ದೇವರನಾಮ ಚಿಕ್ಕದೆಂದು ಅದನ್ನು ಕೀಳಾಗಿ ಕಾಣುವವರು ಯಾರೂ ಇಲ್ಲ. ಮನೆಗೆ ಹೋಗುವಾಗ ಬಾಯಲ್ಲಿ ಉಳಿಯುವುದು ಎಷ್ಟೋ ಸಲ ಅದೇ.

ಸಮ್ಮೇಳನಕ್ಕೂ ಇದನ್ನು ಹೊಂದಿಸಬಹುದು. ಒಂಬತ್ತೂವರೆಗೆ ಸ್ವಾಗತ ಎಂದರೆ ಸಿಲ್ಕ್ ಬೋರ್ಡ್ ದಾಟಿ ಬರುವವರು, ಮೆಟ್ರೊ ಇಳಿದು ಆಟೊ ಹುಡುಕುವವರು ಹತ್ತರವರೆಗೂ ಬರುತ್ತಲೇ ಇರುತ್ತಾರೆ. ಹಾಗಾಗಿ 9:45ಕ್ಕೆ ಮಧ್ಯಮ ಉಪನ್ಯಾಸವೊಂದನ್ನು ಇಟ್ಟು 10:15ಕ್ಕೆ ದಿನದ ಮೊದಲ ದೀರ್ಘ ಉಪನ್ಯಾಸ ಇಡಿ. ಬುದ್ಧಿ ತಾಜಾ ಇರುವ ಹೊತ್ತು ಅದು. 11:15ಕ್ಕೆ ಕಾಫಿ. 11:45ರಿಂದ ಎರಡು ಮಧ್ಯಮ, 12:45ಕ್ಕೆ ಊಟ. 1:45ಕ್ಕೆ ಕಣ್ಣು ಎಳೆಯುವ ಹೊತ್ತಿನಲ್ಲಿ ಐದು ಕಿರುಮಾತುಗಳು. ಆರಾರು ನಿಮಿಷಕ್ಕೆ ದನಿ, ಮುಖ, ವಿಷಯ ಬದಲಾಗುವುದರಿಂದ ನಿದ್ದೆಗೆ ಎಡೆಯಿರುವುದಿಲ್ಲ. 2:15ಕ್ಕೆ ಮಧ್ಯಮ, 2:45ಕ್ಕೆ ಎರಡನೆಯ ದೀರ್ಘ ಉಪನ್ಯಾಸ. ಇದಕ್ಕೆ ಡೆಮೊ ಇರುವುದನ್ನೇ ಆರಿಸಿ, ಮಧ್ಯಾಹ್ನ ಬರೀ ಸಿದ್ಧಾಂತ ಯಾರಿಗೂ ಇಳಿಯುವುದಿಲ್ಲ. 3:45ಕ್ಕೆ ಕಾಫಿ, 4:15ಕ್ಕೆ ಕೊನೆಯ ಮಧ್ಯಮ, 4:45ಕ್ಕೆ ಮತ್ತೆ ಐದು ಕಿರುಮಾತು, 5:15ಕ್ಕೆ ಮುಕ್ತಾಯ.

ಹೊರ ಊರಿನಿಂದ ಬರುವವರನ್ನು ಊಟದ ಆಚೀಚೆ ಇಡಿ. ಬೆಳಿಗ್ಗೆ ಬಸ್ಸು ತಡವಾದರೂ ನಡೆಯುತ್ತದೆ, ಸಂಜೆ ಬಸ್ಸು ತಪ್ಪುವ ಆತಂಕವೂ ಇರುವುದಿಲ್ಲ.

ಐದು ನಿಮಿಷದ ಮಾತಿನ ಸಿದ್ಧತೆ

ಕಿರುಮಾತಿಗೆ 'ಲೈಟ್ನಿಂಗ್ ಟಾಕ್' ಎಂಬ ಹೆಸರು ಬಳಕೆಗೆ ಬಂದದ್ದು 2000ದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮ್ಮೇಳನದಿಂದ. ಮಿಂಚಿನಂತೆ ಹೊಳೆದು ಹೋಗುವ ಮಾತು. ಟೋಕಿಯೊದಲ್ಲಿ 2003ರಲ್ಲಿ ಶುರುವಾದ ಪೆಚಕುಚ ಇನ್ನೂ ಬಿಗಿ: ಇಪ್ಪತ್ತು ಸ್ಲೈಡು, ಒಂದೊಂದಕ್ಕೆ ಇಪ್ಪತ್ತು ಸೆಕೆಂಡು, ಒಟ್ಟು ಆರು ನಿಮಿಷ ನಲವತ್ತು ಸೆಕೆಂಡು, ಸ್ಲೈಡುಗಳು ತಾವಾಗಿಯೇ ಸರಿಯುತ್ತವೆ. ನಮಗೆ ಅಷ್ಟು ಬಿಗಿ ಬೇಡ, ಆದರೆ ಸಿದ್ಧತೆ ಬೇಕೇ ಬೇಕು. ಕಿರುಮಾತುಗಳು ಕೆಡುವುದು ಮಾತಿನಿಂದಲ್ಲ, ಕೇಬಲ್ಲಿನಿಂದ.

ಮಧ್ಯಾಹ್ನದ ಐವರ ಸ್ಲೈಡುಗಳನ್ನು ಹಿಂದಿನ ರಾತ್ರಿಯೇ ಪಿಡಿಎಫ್ ರೂಪದಲ್ಲಿ ತರಿಸಿಕೊಂಡು ಸರದಿಯ ಪ್ರಕಾರ ಒಂದೇ ಲ್ಯಾಪ್‌ಟಾಪಿಗೆ ಹಾಕಿ. ಅವರವರ ಯಂತ್ರ ಜೋಡಿಸಲು ಬಿಟ್ಟರೆ ಐದರಲ್ಲಿ ಎರಡು ನಿಮಿಷ ಪರದೆ ನೀಲಿಯಾಗಿಯೇ ಇರುತ್ತದೆ. ಕನ್ನಡ ಫಾಂಟುಗಳನ್ನು ಪಿಡಿಎಫ್ ಒಳಗೇ ಸೇರಿಸಿದ್ದಾರೆಯೇ ಎಂದು ತೆರೆದು ನೋಡಿ, ಇಲ್ಲವಾದರೆ ಒತ್ತಕ್ಷರಗಳ ಜಾಗದಲ್ಲಿ ಚೌಕಗಳು ಕಾಣುತ್ತವೆ. ಡೆಮೊ ಇದ್ದರೆ ವಿಡಿಯೊ ಮಾಡಿ ತರಲು ಹೇಳಿ, ಸಭಾಂಗಣದ ವೈಫೈಯನ್ನು ನೆಚ್ಚಬೇಡಿ. ಒಬ್ಬರು ಮಾತನಾಡುವಾಗ ಮುಂದಿನವರು ಮೆಟ್ಟಿಲ ಬಳಿ ಮೈಕ್ ಹಿಡಿದು ನಿಂತಿರಲಿ.

ಸಂಜೆಯ ಐದು ಕಿರುಮಾತುಗಳನ್ನು ಖಾಲಿ ಬಿಡಿ. ಬಾಗಿಲ ಬಳಿ ಒಂದು ಬಿಳಿ ಹಲಗೆಯ ಮೇಲೆ ಐದು ಗೆರೆ ಎಳೆದು ಪೆನ್ನು ಕಟ್ಟಿಡಿ. ಅಲ್ಲಿ ಯಾರು ಬೇಕಾದರೂ ಹೆಸರು ಬರೆಯಬಹುದು. ಇದು ಬೆಂಗಳೂರಿಗೆ ಹೊಸದಲ್ಲ. 2006ರಲ್ಲಿ ಇಲ್ಲಿ ಶುರುವಾದ ಬಾರ್‌ಕ್ಯಾಂಪ್ ಎಂಬ ಮುಕ್ತ ಕೂಟದಲ್ಲಿ ವೇಳಾಪಟ್ಟಿಯನ್ನೇ ಬಂದವರು ಅಂದೇ ಗೋಡೆಯ ಮೇಲೆ ಕಟ್ಟುತ್ತಿದ್ದರು. ಊಟದವರೆಗೆ ಹಲಗೆ ಖಾಲಿ ಇದ್ದರೆ ಗಾಬರಿಯಾಗಬೇಡಿ. ಬೆಳಗಿನ ಉಪನ್ಯಾಸ ಕೇಳಿ 'ನನ್ನ ಹತ್ತಿರವೂ ಹೇಳುವುದಿದೆ' ಎಂದು ಯಾರಿಗೋ ಅನಿಸಿರುತ್ತದೆ, ಬರೆಯಲು ಸಂಕೋಚ. ಮೊದಲ ಹೆಸರು ಬಿದ್ದ ಮೇಲೆ ಉಳಿದವು ತಾವಾಗಿಯೇ ತುಂಬುತ್ತವೆ.

ಮೀರದಂತೆ ನೋಡಿಕೊಳ್ಳುವುದು

ಎರಡು ವಾರ ಮೊದಲು ಪ್ರತಿ ದೀರ್ಘ ಉಪನ್ಯಾಸಕರೊಂದಿಗೂ ವಿಡಿಯೊ ಕರೆಯಲ್ಲಿ ಒಮ್ಮೆ ಪೂರ್ತಿ ತಾಲೀಮು ಮಾಡಿಸಿ. ಮನೆಯಲ್ಲಿ ನಲವತ್ತು ನಿಮಿಷ ಬಂದರೆ ವೇದಿಕೆಯಲ್ಲಿ ನಲವತ್ತೈದಾಗುತ್ತದೆ. ಹತ್ತು, ಐದು, ಒಂದು ಎಂದು ದೊಡ್ಡದಾಗಿ ಬರೆದ ಮೂರು ಚೀಟಿಗಳು ಸಾಕು. ಅವುಗಳ ಅರ್ಥವೇನು, ಸಮಯ ಮುಗಿದಾಗ ಏನಾಗುತ್ತದೆ ಎಂಬುದನ್ನು ಬೆಳಿಗ್ಗೆಯೇ ಪ್ರತಿಯೊಬ್ಬರಿಗೂ ಮುಖತಃ ಹೇಳಿ. ನಾನು ಹೀಗೆ ಹೇಳುತ್ತೇನೆ: "ಸರ್, ಸಮಯ ಮುಗಿದ ಕೂಡಲೇ ನಾನು ಎದ್ದು ವೇದಿಕೆಯ ಪಕ್ಕ ಬಂದು ನಿಲ್ಲುತ್ತೇನೆ. ಆಗ ಹೇಳುತ್ತಿರುವ ವಾಕ್ಯ ಮುಗಿಸಿ, ಉಳಿದದ್ದನ್ನು ಕಾಫಿಯ ಹೊತ್ತಿಗೆ ಮಾತನಾಡೋಣ." ಇಷ್ಟು ಮೊದಲೇ ಹೇಳಿದ್ದರೆ ಯಾರೂ ಬೇಸರಿಸುವುದಿಲ್ಲ. ಕಿರುಮಾತಿಗೆ ಚೀಟಿ ಬೇಡ. ಐದನೆಯ ನಿಮಿಷಕ್ಕೆ ಸಭೆಯೇ ಚಪ್ಪಾಳೆ ತಟ್ಟಲಿ. ಮಾತನಾಡುವವರಿಗೂ ಅದು ಖುಷಿಯ ಮುಕ್ತಾಯ.

ಹಾಗಿದ್ದೂ ಯಾರಾದರೂ ಮೀರಿದರೆ ಅವರ ಪ್ರಶ್ನೋತ್ತರದಿಂದಲೇ ಕಳೆಯಿರಿ. ಮುಂದಿನವರ ಸಮಯವನ್ನು ಒಂದು ನಿಮಿಷವೂ ಮುಟ್ಟಬೇಡಿ.

ಸಂಜೆ ಕುರ್ಚಿಗಳನ್ನು ಮಡಚುವ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ. ಪ್ರತಿ ಉಪನ್ಯಾಸದ ಮುಂದೆ ಕೊಟ್ಟ ಸಮಯ, ತೆಗೆದುಕೊಂಡ ಸಮಯ, ಬಂದ ಪ್ರಶ್ನೆಗಳ ಸಂಖ್ಯೆ ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಿ. ಇಪ್ಪತ್ತು ನಿಮಿಷದ ಮಾತಿಗೆ ಐದು ನಿಮಿಷದಲ್ಲಿ ಮುಗಿಯದಷ್ಟು ಪ್ರಶ್ನೆ ಬಂದಿದ್ದರೆ ಆ ವಿಷಯ ಮುಂದಿನ ವರ್ಷಕ್ಕೆ ದೀರ್ಘ ಅವಧಿ ಕೇಳುತ್ತಿದೆ. ನಲವತ್ತೈದು ನಿಮಿಷದ ಮಾತಿಗೆ ಒಂದೂ ಪ್ರಶ್ನೆ ಬಾರದಿದ್ದರೆ ಅದು ಇಪ್ಪತ್ತರಲ್ಲಿ ಮುಗಿಯಬೇಕಿತ್ತೋ ಏನೋ, ಕೇಳಿದವರನ್ನು ವಿಚಾರಿಸಿ.

ಹಾಸನದ ಆ ಯುವತಿಗೆ ಮರುವರ್ಷ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ, ಆಮೇಲೆ ಆ ನಾಲ್ಕು ಬಣ್ಣದ ನಕ್ಷೆಯನ್ನು ವಿವರಿಸಲು ಎಷ್ಟು ಹೊತ್ತು ಬೇಕೆಂದು ಕೇಳಿದೆ. "ಅದೊಂದಕ್ಕೇ ಹದಿನೈದು ನಿಮಿಷ ಬೇಕು" ಎಂದರು. ಆ ವರ್ಷದ ನನ್ನ ಹಾಳೆಯಲ್ಲಿ ಅವರ ಸಾಲು ಹೀಗಿದೆ: 11:45, ಕೊಟ್ಟದ್ದು 20, ತೆಗೆದುಕೊಂಡದ್ದು 19, ಪ್ರಶ್ನೆಗಳು 7.